ಎರಡು ಎಂಜಿನ್ ಇದ್ದೂ ಹೊಲದಲ್ಲಿ ಇಳಿಸೋದ್ಯಾಕೆ?

ಪ್ರಶ್ನೆ: ಸಣ್ಣ ವಿಮಾನಕ್ಕೆ ಎರಡು ಎಂಜಿನ್ ಇದ್ದರೆ, ಒಂದು ಕೆಟ್ಟರೂ ಇನ್ನೊಂದರಲ್ಲಿ ವಾಪಸ್ ಬರಬಹುದಲ್ವಾ? ಜೋಡೆತ್ತಿನಲ್ಲಿ ಒಂದು ಕುಂಟಿದರೂ ಗಾಡಿ ಮನೆ ಸೇರುತ್ತೆ.
– ಚಿಕ್ಕಬಳ್ಳಾಪುರದ ಓದುಗರು

ಮೇಲೆ ಸಾಕಷ್ಟು ಎತ್ತರದಲ್ಲಿದ್ದಾಗ ಕೆಟ್ಟರೆ ನೀವು ಹೇಳಿದ್ದೇ ಸರಿ, ಸಾಮಾನ್ಯವಾಗಿ ಬರಬಹುದು. ಕಷ್ಟ ಇರೋದು ನೆಲ ಬಿಟ್ಟ ಮೊದಲ ಕೆಲವು ಕ್ಷಣಗಳಲ್ಲಿ.

ನಿಮ್ಮ ಎತ್ತುಗಳನ್ನೇ ಹಿಡಿಯೋಣ. ಎಡದ ಎತ್ತು ನಿಂತು ಬಲದ್ದು ಎಳೆದರೆ ಗಾಡಿ ಎಡಕ್ಕೆ ತಿರುಗುತ್ತದೆ. ವಿಮಾನವೂ ಅಷ್ಟೇ. ಪೈಲಟ್ ಬಲಗಾಲಿನಿಂದ ರಡ್ಡರ್, ಅಂದರೆ ಬಾಲದಲ್ಲಿರುವ ಚುಕ್ಕಾಣಿಯ ಪೆಡಲ್, ಒತ್ತಿ ನೆಟ್ಟಗೆ ಇಡಬೇಕು. ಆದರೆ ರಡ್ಡರ್‌ಗೆ ಗಾಳಿಯ ರಭಸ ಬೇಕು. ತರಬೇತಿಗೆ ಬಳಸುವ ಪೈಪರ್ ಸೆಮಿನೋಲ್‌ನಲ್ಲಿ ವೇಗದ ಮೀಟರಿನ ಕೆಂಪು ಗೆರೆ 56 ನಾಟ್‌ಗಿದೆ. ವೇಗ ಅದಕ್ಕಿಂತ ಇಳಿದರೆ, ಪೂರ್ತಿ ಬಲದಲ್ಲಿ ಓಡುತ್ತಿರುವ ಒಳ್ಳೆಯ ಎಂಜಿನ್ನೇ ವಿಮಾನವನ್ನು ಮಗುಚಿಹಾಕಬಹುದು! ಆಗ ಮಾಡಬೇಕಾದದ್ದು ಮೂತಿ ತಗ್ಗಿಸುವುದು, ಒಳ್ಳೆಯ ಎಂಜಿನ್ನಿನ ಬಲವನ್ನೂ ಇಳಿಸುವುದು. ಮನಸ್ಸು ಒಪ್ಪಲ್ಲ. ಆದರೂ ಮಾಡಬೇಕು.

ಇನ್ನು ಏರುವ ವಿಚಾರ. ಒಂದು ಎಂಜಿನ್ ಹೋದರೆ ಬಲ ಅರ್ಧ ಹೋಗುತ್ತದೆ, ಏರುವ ಶಕ್ತಿ ಮಾತ್ರ ಶೇಕಡಾ 80ಕ್ಕಿಂತ ಜಾಸ್ತಿ ಹೋಗುತ್ತದೆ. ಹಾರಿಕೊಂಡಿರುವುದಕ್ಕೇ ಬಹುಪಾಲು ಬಲ ಖರ್ಚು, ಏರಲು ಸಿಗುವುದು ಮಿಕ್ಕಿದ್ದಷ್ಟೇ. ಪೂರ್ತಿ ತೂಕದ ಸೆಮಿನೋಲ್ ಒಂದೇ ಎಂಜಿನ್‌ನಲ್ಲಿ ಸುಮಾರು 3,800 ಅಡಿ ದಾಟಿದರೆ ಏರುವುದು ಹೆಸರಿಗಷ್ಟೇ. ನಿಮ್ಮೂರಿನ ನೆಲವೇ ಸುಮಾರು 3,000 ಅಡಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಿದ್ದರೆ ಗಾಳಿ ತೆಳುವಾಗಿ, ವಿಮಾನದ ಪಾಲಿಗೆ ಅದು 6,000 ಅಡಿಯ ಹತ್ತಿರ. ಇನ್ನೆಲ್ಲಿ ಏರೋದು? ನಿಧಾನಕ್ಕೆ ಇಳಿಯುತ್ತಲೇ ಇರುತ್ತದೆ.

ಹಾಗಾಗಿ ಚಕ್ರ ಇನ್ನೂ ಮಡಚಿಲ್ಲ, ಮುಂದೆ ರನ್‌ವೇ ಇದೆ ಅಂದರೆ ಎರಡೂ ಥ್ರಾಟಲ್ (ಎಂಜಿನ್ ಬಲ ಹೆಚ್ಚು ಕಡಿಮೆ ಮಾಡುವ ಹಿಡಿ) ಎಳೆದು ಅಲ್ಲೇ ಇಳಿಸುವುದು. ರನ್‌ವೇ ಮುಗಿದಿದ್ದು ವಿಮಾನ ಏರದಿದ್ದರೆ ಮುಂದೆ ಸಿಕ್ಕ ಜಾಗ. ನಿಮ್ಮ ಕಡೆ ಅಂದರೆ ಕಲ್ಲು ಕಂಬದ ದ್ರಾಕ್ಷಿ ಚಪ್ಪರ ಬಿಟ್ಟು, ಒಣಗಿದ ಕೆರೆ ಅಂಗಳವೋ ರಾಗಿ ಕೊಯ್ದ ಹೊಲವೋ. ಹಿಂದಕ್ಕೆ ತಿರುಗುವ ಆಸೆ ಬೇಡ.

ಏರುತ್ತಿದ್ದರೆ ಒಂದೇ ಎಂಜಿನ್‌ನಲ್ಲಿ ಚೆನ್ನಾಗಿ ಏರಲು ಮೀಟರಿನಲ್ಲಿ ಗುರುತು ಹಾಕಿದ ನೀಲಿ ಗೆರೆಯ ವೇಗ, ಅಂದರೆ ಸೆಮಿನೋಲ್‌ಗೆ 88 ನಾಟ್, ಹಿಡಿದು ಸತ್ತ ಎಂಜಿನ್ ಯಾವುದು ಅಂತ ನೋಡಬೇಕು. ಕೆಲಸವಿಲ್ಲದೆ ಕೂತ ಕಾಲಿನ ಕಡೆಯದೇ ಸತ್ತ ಎಂಜಿನ್. ಆ ಕಡೆಯ ಥ್ರಾಟಲ್ ಮೆಲ್ಲಗೆ ಎಳೆದಾಗ ಏನೂ ಬದಲಾಗದಿದ್ದರೆ ಖಾತ್ರಿ. ಆಮೇಲಷ್ಟೇ ಗಾಳಿಗೆ ಅಡ್ಡ ಬರದಂತೆ ಅದರ ಪ್ರೊಪೆಲ್ಲರ್‌ನ ಅಲಗುಗಳನ್ನು ತಿರುಗಿಸುವುದು, ಪೈಲಟ್‌ಗಳು 'ಫೆದರ್' ಅನ್ನುವ ಕೆಲಸ. ಇಲ್ಲಿ ಅವಸರ ಎಷ್ಟು ದುಬಾರಿ ಅಂತ 2015ರಲ್ಲಿ ತೈಪೆಯಲ್ಲಿ ಕಂಡಿತು. ಅದು ಸಣ್ಣ ವಿಮಾನವಲ್ಲ, ಎಟಿಆರ್ ಅನ್ನುವ ಪ್ರಯಾಣಿಕರ ವಿಮಾನ. ಒಂದು ಎಂಜಿನ್ ಬಲ ಕಳೆದುಕೊಂಡಾಗ ಪೈಲಟ್ ಒಳ್ಳೆಯ ಎಂಜಿನ್ನನ್ನೇ ನಿಲ್ಲಿಸಿಬಿಟ್ಟರು. 43 ಜನ ಸತ್ತರು.

ಇಷ್ಟೆಲ್ಲ ಆ ಗಾಬರಿಯಲ್ಲಿ ಯೋಚಿಸಲು ಆಗುತ್ತಾ? ಆಗಲ್ಲ. ಅದಕ್ಕೇ ಬ್ರೇಕ್ ಬಿಡುವ ಮೊದಲೇ, 'ಇಲ್ಲಿ ಕೆಟ್ಟರೆ ಇದು, ಅಲ್ಲಿ ಕೆಟ್ಟರೆ ಅದು' ಅಂತ ಬಾಯಿ ಬಿಟ್ಟು ಹೇಳಿಕೊಳ್ಳುತ್ತಾರೆ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ.