ಕಾರ್‌ಪೂಲ್‌ಗೆ ಒಂದಗುಳು ಸಾಲದು

1993ರ ಕೊನೆಗೆ ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂ ನಗರದಲ್ಲಿ ಒಂದು ಪರೀಕ್ಷೆ ಶುರುವಾಯಿತು. ಆಫೀಸಿಗೆ ಒಬ್ಬೊಬ್ಬರೇ ಕಾರಿನಲ್ಲಿ ಬರುವವರನ್ನು ಹೊರಡುವ ಹೊತ್ತಿಗೆ ಸರಿಯಾಗಿ ಜೊತೆ ಮಾಡಿಸುವುದು, ಅಂದರೆ ಕಾರ್‌ಪೂಲ್ ಮಾಡಿಸುವುದು, ಅದರ ಗುರಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಫೋನ್ ಮತ್ತು ಪೇಜರ್ (ಚಿಕ್ಕ ಸಂದೇಶ ಮಾತ್ರ ಬರುತ್ತಿದ್ದ ಕಿರು ಸಾಧನ) ಇಟ್ಟುಕೊಂಡು ಮಾಡಲು ಹೊರಟರು. ಸೇರಿದವರು 53 ಮಂದಿ. ಐದು ತಿಂಗಳಲ್ಲಿ 'ನನ್ನ ಕಾರಲ್ಲಿ ಜಾಗ ಇದೆ, ಬನ್ನಿ' ಅಂದ ಸಂದೇಶಗಳು 509. 'ನನಗೆ ಸೀಟು ಬೇಕು' ಅಂದವು 148. ನಿಜಕ್ಕೂ ಕೂಡಿ ಹೋದದ್ದು ಎಂದು ದಾಖಲಾದ ಸವಾರಿಗಳು 6!

ಪೇಜರ್ ಕಾಲ, ಅದಕ್ಕೇ ಹೀಗಾಯ್ತು ಅನ್ನಬಹುದು. ಆದರೆ 2011ರಲ್ಲಿ ಅದೇ ಸಿಯಾಟಲ್ ಭಾಗದ 520ನೇ ರಾಜ್ಯ ಹೆದ್ದಾರಿಯಲ್ಲಿ ಐರ್ಲೆಂಡಿನ ಅವೆಗೊ ಕಂಪನಿ ಸ್ಮಾರ್ಟ್‌ಫೋನ್, ಜಿಪಿಎಸ್ ಎಲ್ಲ ಹಿಡಿದು ಇಂಥದ್ದೇ ಪರೀಕ್ಷೆ ನಡೆಸಿತು. ಅದೂ ಬೇರು ಬಿಡಲಿಲ್ಲ. ಗೂಗಲ್‌ನಂಥ ದೈತ್ಯನ ಬೆಂಬಲವಿದ್ದ, ಆ್ಯಪ್‌ನಲ್ಲೇ ಜೊತೆ ಹುಡುಕಿಕೊಡುವ ವೇಜ್ ಕಾರ್‌ಪೂಲ್ ಕೂಡ 2022ರಲ್ಲಿ ಬಾಗಿಲು ಹಾಕಿತು. ಹಾಗಾದರೆ ತೊಡಕು ಯಂತ್ರದಲ್ಲಿಲ್ಲ.

ಅನ್ನ ಬೆಂದಿದೆಯೇ ಅಂತ ತಿಳಿಯಲು ಒಂದಗುಳು ಹಿಸುಕಿದರೆ ಸಾಕು. ಹೆಚ್ಚಿನ ಪರೀಕ್ಷೆಗಳು ಈ ನಂಬಿಕೆಯ ಮೇಲೇ ನಡೆಯುತ್ತವೆ. ಚಿಕ್ಕದಾಗಿ ಮಾಡಿ ನೋಡೋಣ, ಸರಿಹೋದರೆ ದೊಡ್ಡದು ಮಾಡೋಣ ಅಂತ. ಕಾರ್‌ಪೂಲ್ ವಿಷಯದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಯಾಕೆಂದರೆ ಇಲ್ಲಿ ಬೇಕಾದದ್ದು ಜನ ಅಲ್ಲ, ಜೋಡಿ. 53 ಜನರಲ್ಲಿ ಮಾಡಬಹುದಾದ ಜೋಡಿಗಳು 1,378. ಜನ ದುಪ್ಪಟ್ಟಾಗಿ 106 ಆದರೆ ಜೋಡಿಗಳು 5,565, ಅಂದರೆ ನಾಲ್ಕು ಪಟ್ಟು. ಜನ ಅರ್ಧವಾದರೆ ಜೋಡಿ ಕಾಲು ಭಾಗಕ್ಕೆ ಇಳಿಯುತ್ತದೆ. ಚಿಕ್ಕ ಪರೀಕ್ಷೆ ಅಂದರೆ ಬರೀ ಚಿಕ್ಕದಲ್ಲ, ಸೋಲಲಿಕ್ಕೇ ಕಟ್ಟಿದ ಪರೀಕ್ಷೆ.

ಈ ಜೋಡಿಗಳೂ ಕಾಗದದ ಮೇಲಿನವು. 100 ಜನ ಸೇರಿದರು ಅಂತಿಟ್ಟುಕೊಳ್ಳಿ. ಅವರು 10 ಬಡಾವಣೆಗಳಲ್ಲಿ ಇದ್ದಾರೆ, 5 ಕಡೆಯ ಆಫೀಸುಗಳಿಗೆ ಹೋಗುತ್ತಾರೆ. ಬೆಳಗಿನ ಎರಡು ಗಂಟೆಯನ್ನು ಅರ್ಧರ್ಧ ಗಂಟೆಯಂತೆ 4 ಭಾಗ ಮಾಡಿ. ಒಂದೇ ಬಡಾವಣೆಯಿಂದ, ಒಂದೇ ಕಡೆಗೆ, ಒಂದೇ ಹೊತ್ತಿಗೆ ಹೊರಡುವವರು ಸರಾಸರಿ ಎಷ್ಟು ಮಂದಿ? ಅರ್ಧ ಮನುಷ್ಯ. ಆ್ಯಪ್ ಎಷ್ಟೇ ಜಾಣ ಇರಲಿ, ಅರ್ಧ ಮನುಷ್ಯನಿಗೆ ಜೊತೆ ಎಲ್ಲಿಂದ ತರುತ್ತದೆ? ಎರಡು ಸಲ 'ಯಾರೂ ಸಿಗಲಿಲ್ಲ' ಅಂತ ನೋಡಿದವರು ಮೂರನೇ ಸಲ ಆ್ಯಪ್ ತೆರೆಯುವುದಿಲ್ಲ. ಇದ್ದ ಸಂಖ್ಯೆಯೂ ಕರಗುತ್ತದೆ.

ಬೆಲ್‌ವ್ಯೂ ಅಂಕಿಗಳಲ್ಲಿ ಇನ್ನೊಂದು ಮಾತು ಅಡಗಿದೆ. ಕರೆಯುವವರು ಜಾಸ್ತಿ, ಬರುವವರು ಕಡಿಮೆ. ಕಾರು ಇರುವವನಿಗೆ ಜೊತೆ ಸಿಗದಿದ್ದರೆ ನಷ್ಟವೇನಿಲ್ಲ, ಸುಮ್ನೆ ಒಬ್ಬನೇ ಹೋಗುತ್ತಾನೆ. ಬೇರೆಯವರ ಕಾರು ನಂಬಿ ಬಂದವನ ಪಾಡು ಹಾಗಲ್ಲ. ಸಂಜೆ ಮೀಟಿಂಗ್ ಎಳೆದರೆ, ಮಗುವಿಗೆ ಜ್ವರ ಅಂತ ಶಾಲೆಯಿಂದ ಫೋನ್ ಬಂದರೆ ಮನೆಗೆ ಹೋಗುವುದು ಹೇಗೆ? ಸೀಟಿನ ಬೆಲೆ ಎಷ್ಟು ಇಳಿಸಿದರೂ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. 2010ರ ಹೊತ್ತಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಒಂದು ಅಧ್ಯಯನ ಅಲ್ಲಿಗೆ ಬಂದುಹೋಗುವವರ ವಿಳಾಸ, ಸಮಯ ಎಲ್ಲ ಹೊಂದಿಸಿ ನೋಡಿತು. ಅವರಲ್ಲಿ 50ರಿಂದ 77 ಶೇಕಡಾ ಮಂದಿ ಒಂದಲ್ಲ ಒಂದು ಕಾರು ಹಂಚಿಕೊಳ್ಳಬಹುದಿತ್ತು. ಹಂಚಿಕೊಳ್ಳುತ್ತಿದ್ದವರು ಶೇಕಡಾ 8.

ತಮಾಷೆ ಅಂದರೆ, ಇದು ಚೆನ್ನಾಗಿ ನಡೆದ ಕಡೆ ತಂತ್ರಜ್ಞಾನವೇ ಇರಲಿಲ್ಲ. ವಾಷಿಂಗ್ಟನ್ ಡಿ.ಸಿ.ಗೆ ಹೋಗುವ ಶರ್ಲಿ ಹೆದ್ದಾರಿಯಲ್ಲಿ 1969ರಲ್ಲಿ ಬಸ್ಸುಗಳಿಗೆ ಪ್ರತ್ಯೇಕ ಲೇನ್ ಬಂತು. 1973ರಲ್ಲಿ ನಾಲ್ಕು ಜನರಿರುವ ಕಾರುಗಳಿಗೂ ಅದನ್ನು ಬಿಟ್ಟರು, ಆಮೇಲೆ ಮೂರು ಜನ ಇದ್ದರೆ ಸಾಕು ಎಂದರು. ಅವಸರದ ಡ್ರೈವರ್‌ಗಳು ಬಸ್ ಸ್ಟಾಪಿನಲ್ಲಿ ನಿಂತವರನ್ನು ಹತ್ತಿಸಿಕೊಳ್ಳತೊಡಗಿದರು. ಇದಕ್ಕೆ 'ಸ್ಲಗ್ಗಿಂಗ್' ಅನ್ನುತ್ತಾರೆ. ದುಡ್ಡಿನ ಮಾತಿಲ್ಲ. ಡ್ರೈವರ್ ಮಾತಾಡಿಸದೆ ಸವಾರ ಬಾಯಿ ತೆರೆಯುವಂತಿಲ್ಲ. ಸಾಲಿನಲ್ಲಿ ಹೆಂಗಸೊಬ್ಬಳನ್ನೇ ಬಿಟ್ಟು ಹೋಗಬಾರದು. ಯಾವ ಇಲಾಖೆಯೂ ಬರೆಯದ ಈ ನಿಯಮಗಳ ಮೇಲೆ ಅದು ದಶಕಗಟ್ಟಲೆ ನಡೆದಿದೆ.

ನನಗೆ ಇದರಲ್ಲಿ ಹಿಡಿಸಿದ್ದು ಒಂದು ಜಾಣತನ. ಎಲ್ಲರೂ ಒಂದೇ ಕಡೆ ಬಂದು ನಿಲ್ಲುತ್ತಾರೆ. ಹತ್ತು ಬಡಾವಣೆಯಲ್ಲಿ ಚೆಲ್ಲಿಹೋದವರನ್ನು ಆ್ಯಪ್ ಹುಡುಕಬೇಕಾಗಿಲ್ಲ, ಅವರೇ ಒಟ್ಟಾಗಿದ್ದಾರೆ. ಡ್ರೈವರ್‌ಗೆ ಸಿಗುವುದು ಪುಡಿಗಾಸಲ್ಲ, ಸಮಯ. ಕಾರು ಬರದಿದ್ದರೆ? ನಿಂತಿರುವುದೇ ಬಸ್ ಸ್ಟಾಪಿನಲ್ಲಿ, ಅಲ್ವಾ.

ನಮ್ಮ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ, ಸುಮಾರು 17 ಕಿಲೋಮೀಟರಿನಲ್ಲಿ ಇಷ್ಟೊಂದು ಟೆಕ್ ಪಾರ್ಕುಗಳಿವೆ. ಜನದಟ್ಟಣೆಗೆ ಬರವಿಲ್ಲ. ಇಲ್ಲೇ ಹುಟ್ಟಿದ ಕಾರ್‌ಪೂಲ್ ಆ್ಯಪ್ ಕ್ವಿಕ್ ರೈಡ್, ಸೇರುವವರು ಕೆಲಸ ಮಾಡುವ ಕಂಪನಿಯ ಇಮೇಲ್ ನೋಡಿ ಗುರುತು ಖಾತ್ರಿ ಮಾಡಿಕೊಳ್ಳುವ ದಾರಿ ಹಿಡಿಯಿತು. ಅಪರಿಚಿತರ ಭಯಕ್ಕೆ ಅದು ಒಳ್ಳೆಯ ಮದ್ದು. ಕಾನೂನಿನದು ಬೇರೆ ರಗಳೆ. ವೈಟ್ ಬೋರ್ಡ್ ಗಾಡಿಯಲ್ಲಿ, ಅಂದರೆ ಸ್ವಂತ ಬಳಕೆಯ ಗಾಡಿಯಲ್ಲಿ, ಬಾಡಿಗೆ ಹೊಡೆಯುವಂತಿಲ್ಲ. ಪೆಟ್ರೋಲ್ ಖರ್ಚು ಹಂಚಿಕೊಳ್ಳುವುದು ಎಲ್ಲಿ ಮುಗಿದು ಬಾಡಿಗೆ ಎಲ್ಲಿ ಶುರುವಾಗುತ್ತದೆ ಎಂಬುದೇ 2023ರಲ್ಲಿ ಇಲ್ಲಿ ದೊಡ್ಡ ಗದ್ದಲವಾಯಿತು.

ಈ ರಸ್ತೆಯಲ್ಲಿ ಪರೀಕ್ಷೆ ಮಾಡುವುದಾದರೆ ಇಡೀ ನಗರಕ್ಕೆ ಆ್ಯಪ್ ಹಂಚುವುದು ದಂಡ. ಒಂದು ಟೆಕ್ ಪಾರ್ಕಿನ ಗೇಟು, ಹೊರಡುವ ಕಡೆ ಒಂದು ಬಿಎಂಟಿಸಿ ಸ್ಟಾಪು, ಬೆಳಗಿನ ಒಂದೇ ಗಂಟೆ ಹಿಡಿಯಬೇಕು. ಸಂಜೆ ಜೊತೆ ಸಿಗದವರಿಗೆ ಕ್ಯಾಬ್ ಖರ್ಚನ್ನು ಕಂಪನಿಯೇ ಕೊಡಬೇಕು. ಆಮೇಲೆ ಎಷ್ಟು ಮಂದಿ ಡೌನ್‌ಲೋಡ್ ಮಾಡಿದರು ಅಂತ ಎಣಿಸುವ ಬದಲು, ಒಂದು ದಿನ ಜೊತೆ ಸಿಗದೆ ವಾಪಸಾದವರಲ್ಲಿ ಮುಂದಿನ ವಾರ ಮತ್ತೆ ಬಂದು ನಿಂತವರು ಎಷ್ಟು ಅಂತ ಎಣಿಸಬೇಕು.