ಅಯ್ಯನವರು ಹೀಬ್ರೂ ಯಾಕೆ ಕಲಿಯಬೇಕು?

ಗೆಳೆಯನೊಬ್ಬ ಡಿಗ್ರಿ ಮುಗಿಸಿ ಬಿ.ಡಿ. ಸೇರಿದ. ಬಿ.ಡಿ. ಅಂದರೆ ಬ್ಯಾಚುಲರ್ ಆಫ್ ಡಿವಿನಿಟಿ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಪಾದ್ರಿಯಾಗುವವರು ಓದುವ ಕೋರ್ಸು. ಪಾದ್ರಿಯನ್ನೇ ಸಭೆಯವರು 'ಅಯ್ಯನವರು' ಎನ್ನುವುದು. ಒಮ್ಮೆ ಅವನ ಹಾಸ್ಟೆಲ್ ರೂಮಿಗೆ ಹೋದಾಗ ಮೇಜಿನ ಮೇಲೆ ಹೀಬ್ರೂ ನೋಟ್‌ಬುಕ್ ಬಿದ್ದಿತ್ತು. ಸುಮ್ನೆ ತಿರುವಿ ಹಾಕಿದೆ. ಒಂದು ಕಡೆ ಚೌಕಾಕಾರದ ಹೀಬ್ರೂ ಅಕ್ಷರ, ಎದುರಿಗೆ ಇಂಗ್ಲಿಷ್ ಅರ್ಥ, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಕನ್ನಡ. ಒಂದು ಸಾಲು ನೆನಪಿದೆ: 'ಮೆಲೆಕ್', ಕಿಂಗ್, ರಾಜ. ಅದರ ಪಕ್ಕದಲ್ಲಿ 'ಮಾಲೀಕ' ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ.

ಅವನ ಅನುಮಾನ ಸರಿಯಾಗಿತ್ತು. ಹೀಬ್ರೂವಿನ ಹೆಚ್ಚಿನ ಪದಗಳು ಮೂರು ವ್ಯಂಜನಗಳ ಬೇರಿನಿಂದ ಹುಟ್ಟುತ್ತವೆ. ಮ, ಲ, ಕ ಸೇರಿದರೆ ಆಳುವುದಕ್ಕೆ ಸಂಬಂಧಪಟ್ಟ ಮಾತು. ಮೆಲೆಕ್ ರಾಜ, ಮಲ್ಕಾ ರಾಣಿ, ಮಲ್ಕೂತ್ ರಾಜ್ಯ. ಇದೇ ಬೇರು ಅರೇಬಿಕ್‌ನಲ್ಲೂ ಇದೆ. ಅಲ್ಲಿಂದ ಪರ್ಷಿಯನ್, ಉರ್ದು ದಾಟಿ ನಮ್ಮ ಮನೆ ಮಾಲೀಕ, ಅಂಗಡಿ ಮಾಲೀಕ ಬಂದಿದ್ದು. ಶಾಲೋಮ್‌ಗೂ ಸಲಾಮಿಗೂ ಅದೇ ನಂಟು. ಇದು ಅವನ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಇಂಗ್ಲಿಷ್ ಓದುಗರಿಗೆ ಬರೆದ ಪುಸ್ತಕ ಅದು, ಮಾಲೀಕನ ವಿಷಯ ಅದಕ್ಕೆ ಎಲ್ಲಿ ಗೊತ್ತಿರುತ್ತದೆ?

ಹಳ್ಳಿ ಸಭೆಯಲ್ಲಿ ಕನ್ನಡದಲ್ಲೇ ಬೋಧನೆ ಮಾಡುವವನಿಗೆ ಎರಡು ಸಾವಿರ ವರ್ಷ ಹಿಂದಿನ ಭಾಷೆ ಯಾಕೆ? ಅದನ್ನೂ ಇಂಗ್ಲಿಷ್ ಮೂಲಕ ಯಾಕೆ? ಈ ಪ್ರಶ್ನೆಗಳಿಗೆ ಉದ್ದನೆಯ ಹಿನ್ನೆಲೆಯಿದೆ.

ಬೈಬಲ್‌ನ ಹಳೇ ಒಡಂಬಡಿಕೆ ಬಹುತೇಕ ಹೀಬ್ರೂ. ದಾನಿಯೇಲ, ಎಜ್ರ ಪುಸ್ತಕಗಳ ಕೆಲವು ಭಾಗ, ಬೇರೆ ಕಡೆ ಒಂದೆರಡು ಮಾತು ಮಾತ್ರ ಅರಾಮಿಕ್. ಹೊಸ ಒಡಂಬಡಿಕೆ ಗ್ರೀಕ್, ಅದೂ ಪಂಡಿತರ ಗ್ರೀಕ್ ಅಲ್ಲ, ಬಂದರು-ಸಂತೆಗಳ ಆಡುಮಾತಿನ ಗ್ರೀಕ್. ನಾಲ್ಕನೇ ಶತಮಾನದ ಕೊನೆಗೆ ಜೆರೋಮ್ ಎಂಬ ವಿದ್ವಾಂಸ ಬೆತ್ಲೆಹೇಮಿನಲ್ಲಿ ಕೂತು, ಯೆಹೂದಿ ಗುರುಗಳಿಂದ ಹೀಬ್ರೂ ಕಲಿತು, ಲ್ಯಾಟಿನ್‌ಗೆ ಅನುವಾದ ಮಾಡಿದ. ಆಮೇಲೆ ಸಾವಿರ ವರ್ಷ ಪಶ್ಚಿಮ ಯುರೋಪಿಗೆ ಬೈಬಲ್ ಅಂದರೆ ಆ ಲ್ಯಾಟಿನ್ ಬೈಬಲ್ಲೇ. 1311-12ರಲ್ಲಿ ವಿಯೆನ್ ಎಂಬಲ್ಲಿ ಸೇರಿದ ಧರ್ಮಸಭೆ ಪ್ಯಾರಿಸ್, ಆಕ್ಸ್‌ಫರ್ಡ್ ಮುಂತಾದ ಕಡೆ ಹೀಬ್ರೂ ಪಾಠ ಶುರುಮಾಡಿ ಎಂದು ಆಜ್ಞೆ ಮಾಡಿತು. ಆಜ್ಞೆ ಹೆಚ್ಚಾಗಿ ಕಾಗದದ ಮೇಲೇ ಉಳಿಯಿತು.

ಬಿಸಿ ಏರಿದ್ದು 1516ರಲ್ಲಿ. ಎರಾಸ್ಮಸ್ ಎಂಬ ಡಚ್ ವಿದ್ವಾಂಸ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳುವ ಒಂದು ಮಾತನ್ನು ಲ್ಯಾಟಿನ್ ಬೈಬಲ್ 'ಪೆನಿಟೆನ್ಸಿಯಂ ಆಗಿಟೆ' ಎಂದಿತ್ತು. ಜನ ಅದನ್ನು 'ಪ್ರಾಯಶ್ಚಿತ್ತ ಮಾಡಿರಿ' ಎಂದು ಕೇಳಿಸಿಕೊಂಡರು. ಪ್ರಾಯಶ್ಚಿತ್ತ ಅಂದಮೇಲೆ ಪಾದ್ರಿ ಬೇಕು, ವಿಧಿ ಬೇಕು. ಪಾಪದ ಶಿಕ್ಷೆಗೆ ರಿಯಾಯಿತಿ ಪತ್ರ ಮಾರುವವರಿಗೂ ಅಲ್ಲೊಂದು ಅಂಗಡಿ ತೆರೆದುಕೊಂಡಿತು. ಆದರೆ ಗ್ರೀಕ್‌ನಲ್ಲಿ ಇದ್ದದ್ದು 'ಮೆಟಾನೋಯಿಯಾ' ಎಂಬ ಪದದ ಕ್ರಿಯಾರೂಪ. ಅಂದರೆ ಮನಸ್ಸು ಬದಲಾಗುವುದು. 1517ರಲ್ಲಿ, ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನಿಯ ಲೂಥರ್ ಬರೆದ 95 ವಾದಗಳಲ್ಲಿ ಮೊದಲನೆಯದೇ ಈ ವಾಕ್ಯದ ಬಗ್ಗೆ. ಮರುವರ್ಷ ಲೂಥರ್ ಪಾಠ ಮಾಡುತ್ತಿದ್ದ ವಿಟೆನ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಮೆಲಾಂಕ್ಟನ್ ಗ್ರೀಕ್ ಪ್ರೊಫೆಸರ್ ಆಗಿ ಬಂದ. ಆಗ ಅವನಿಗೆ 21 ವರ್ಷ. ಗ್ರೀಕ್ ಬಂದರೆ ಪಾದ್ರಿ ಹೇಳಿದ್ದು ಸರಿಯೋ ತಪ್ಪೋ ನೀವೇ ನೋಡಬಹುದು ಎನ್ನುವುದು ಆಗಿನ ಹುರುಪು. ಕಾಲೇಜಿನಲ್ಲಿ ಮೂಲಭಾಷೆ ಕಡ್ಡಾಯವಾಗಿದ್ದು ಹೀಗೆ, ಒಂದು ಜಗಳದ ನಡುವೆ.

ಕ್ಯಾಥೊಲಿಕ್ ಕಡೆ ದಾರಿ ಬೇರೆ. 1546ರಲ್ಲಿ ಟ್ರೆಂಟ್ ಧರ್ಮಸಭೆ ಲ್ಯಾಟಿನ್ ಅನುವಾದವೇ ಅಧಿಕೃತ ಎಂದಿತು. 1563ರಲ್ಲಿ ಪಾದ್ರಿಗಳಿಗಾಗಿಯೇ ಸೆಮಿನರಿ, ಅಂದರೆ ತರಬೇತಿ ಶಾಲೆ, ಮಾಡಬೇಕೆಂದಿತು. ಮಂಗಳೂರಿನ ಜೆಪ್ಪು ಸೆಮಿನರಿ, 1879ರಲ್ಲಿ ಜೆಸ್ವಿಟರು ಶುರುಮಾಡಿದ್ದು, ಆ ಪರಂಪರೆಯದು. ಮೂಲಭಾಷೆಯಿಂದಲೇ ಅನುವಾದ ಮಾಡಿ ಎಂದು ಪೋಪ್ ಹನ್ನೆರಡನೇ ಪಯಸ್ ಸ್ಪಷ್ಟವಾಗಿ ಪ್ರೋತ್ಸಾಹ ಕೊಟ್ಟಿದ್ದು 1943ರಲ್ಲಿ. ಕೇರಳದ ಕತೆ ಮತ್ತೊಂದು. ಅಲ್ಲಿ ಮಲ್ಪಾನರು, ಅಂದರೆ ಗುರುಗಳು, ಅರಾಮಿಕ್‌ನದೇ ಒಂದು ರೂಪವಾದ ಸಿರಿಯಾಕ್ ಭಾಷೆಯನ್ನು ಯುರೋಪಿನ ಹಂಗಿಲ್ಲದೆ ಕಲಿಸುತ್ತ ಬಂದಿದ್ದರು.

ಈಗ ನಮ್ಮ ಕಡೆಗೆ ಬರೋಣ. ಚಪ್ಪಲಿ ಹೊಲಿಯುತ್ತ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತ ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಬಂಗಾಳದ ಸೆರಾಂಪುರದಲ್ಲಿ ನೆಲೆಸಿದ. ಅಲ್ಲಿಂದಲೇ 1817ರಲ್ಲಿ ಅವನ ಕನ್ನಡ ವ್ಯಾಕರಣ ಹೊರಬಂತು. ಮರುವರ್ಷ ಸೆರಾಂಪುರ ಕಾಲೇಜು. ಆ ಊರು ಆಗ ಡೆನ್ಮಾರ್ಕಿನ ಕೈಯಲ್ಲಿತ್ತು. 1827ರಲ್ಲಿ ಡೆನ್ಮಾರ್ಕಿನ ರಾಜ ಕಾಲೇಜಿಗೆ ಸನ್ನದು ಕೊಟ್ಟ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಹಾಗೆ ಪದವಿ ಕೊಡುವ ಅಧಿಕಾರ ಬಂತು. ಕಲ್ಕತ್ತಾ ವಿಶ್ವವಿದ್ಯಾಲಯ ಹುಟ್ಟಿದ್ದು ಅದಕ್ಕೂ 30 ವರ್ಷ ತಡವಾಗಿ. ಆದರೆ ಸೆರಾಂಪುರ ಮೊದಲ ಬಿ.ಡಿ. ಪದವಿ ಕೊಟ್ಟಿದ್ದು ಯಾವಾಗ ಅಂತೀರಿ? 1915ರಲ್ಲಿ! ಸನ್ನದು 88 ವರ್ಷ ಪೆಟ್ಟಿಗೆಯಲ್ಲಿ ಕೂತಿತ್ತು. 1918ರ ಕಾನೂನಿನ ನಂತರ ಸೆರಾಂಪುರದ ಸೆನೆಟ್ ಬೇರೆ ಬೇರೆ ಊರಿನ ಥಿಯಾಲಜಿ (ದೇವರ ಕುರಿತ ಶಾಸ್ತ್ರ) ಕಾಲೇಜುಗಳಲ್ಲಿ ಓದಿದವರಿಗೂ ಪದವಿ ಕೊಡತೊಡಗಿತು. 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜು ಕೂಡ ಈ ಬಳಗಕ್ಕೆ ಸೇರಿದ್ದು.

ಮಂಗಳೂರಿನ ದಾರಿ ಸ್ವಿಟ್ಜರ್ಲೆಂಡಿನಿಂದ. ಬಾಸೆಲ್ ಮಿಷನ್ 1847ರಲ್ಲಿ ಇಲ್ಲಿ ಸೆಮಿನರಿ ಶುರುಮಾಡಿತು. ಇಲ್ಲಿ ನನಗೆ ಇಷ್ಟವಾಗುವ ವ್ಯಕ್ತಿ ಮೊದಲ ಕನ್ನಡ ಪತ್ರಿಕೆ ತಂದ ಮಿಷನರಿ ಮೋಗ್ಲಿಂಗ್ ಅಲ್ಲ, ಅವನ ಶಿಷ್ಯ ಆನಂದರಾವ್ ಕೌಂಡಿನ್ಯ. ಸಾರಸ್ವತ ಮನೆತನದ ಹುಡುಗ. 1844ರಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಕೌಂಡಿನ್ಯನಾದ. ಬಾಸೆಲ್‌ಗೆ ಹೋಗಿ ಅಲ್ಲಿನ ಸೆಮಿನರಿಯಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ವಾಪಸ್ ಬಂದು ಮಂಗಳೂರಿನ ಸೆಮಿನರಿಯಲ್ಲೇ ಪಾಠ ಮಾಡಿದ. ಬಾಸೆಲ್‌ನ ಸೆಮಿನರಿಯ ಪಾಠಪಟ್ಟಿಯಲ್ಲಿ ಗ್ರೀಕ್ ಹೀಬ್ರೂ ಎರಡೂ ಇದ್ದವು. ನಿಘಂಟಿನ ಕಿಟೆಲ್ ಕೂಡ ಬಾಸೆಲ್‌ನಲ್ಲಿ ಓದಿಯೇ ಬಂದವನು. ಹೀಬ್ರೂ ಪದ ಬಿಡಿಸಿ ಬೇರು ಹುಡುಕಿ ಪಳಗಿದ ಕಣ್ಣು ಕನ್ನಡ ಪದಗಳನ್ನೂ ಹಾಗೇ ಬಿಡಿಸಿ ನೋಡಿತು ಅಂತ ನನಗೆ ಅನ್ನಿಸುತ್ತದೆ. ಮುಂದೆ 1965ರಲ್ಲಿ ಮಂಗಳೂರಿನ ಸೆಮಿನರಿಯೂ ತುಮಕೂರಿನ ಕನ್ನಡ ಸೆಮಿನರಿಯೂ ಒಂದಾಗಿ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಆಯಿತು.

ಅಂದರೆ ಕನ್ನಡ ಬೈಬಲ್ ಮಾಡಿದವರಿಗೆ ಈ ಭಾಷೆಗಳ ಗುರುತಿತ್ತು. ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ ಕಾಲಕ್ಕೆ, 1831ರಲ್ಲಿ, ಇಡೀ ಬೈಬಲ್ ಕನ್ನಡಕ್ಕೆ ಬಂತು. ಆಮೇಲೆ ಅದನ್ನು ಮತ್ತೆ ಮತ್ತೆ ತಿದ್ದಿದ್ದಾರೆ. ಯುರೋಪ್ ಜಗಳವಾಡಿದ ಅದೇ ವಾಕ್ಯ ನಮ್ಮ ಹಳೆಯ ಸತ್ಯವೇದದಲ್ಲಿ ಹೇಗಿದೆ ನೋಡಿ: 'ದೇವರ ಕಡೆಗೆ ತಿರುಗಿಕೊಳ್ಳಿರಿ.' ಪ್ರಾಯಶ್ಚಿತ್ತವೂ ಇಲ್ಲ, ಮನಸ್ಸಿನ ಮಾತೂ ಇಲ್ಲ. ಗ್ರೀಕ್ ಪದವನ್ನು ಬಿಡಿಸಿದರೆ ಸಿಗುವ 'ಮಾನಸಾಂತರ' ಎಂಬ ಮಾತು ಸಭೆಗಳಲ್ಲಿ ಚಾಲ್ತಿಯಲ್ಲಿದೆ, ಆದರೆ ಇಲ್ಲಿ ಅದಿಲ್ಲ. ಇಲ್ಲಿರುವುದು ತಿರುಗುವುದು. ಹೀಬ್ರೂ ಪ್ರವಾದಿಗಳು ಪದೇ ಪದೇ ಬಳಸುವ 'ಶೂವ್' ಎಂಬ ಕ್ರಿಯಾಪದಕ್ಕೂ ತಿರುಗು, ಹಿಂದಿರುಗು ಎಂದೇ ಅರ್ಥ. ಗ್ರೀಕ್ ವಾಕ್ಯದ ಹಿಂದಿನ ಹೀಬ್ರೂ ದನಿ ಕನ್ನಡದಲ್ಲಿ ಕೇಳುತ್ತದೆ. ಇದು ಎರಡೂ ಭಾಷೆಯ ರುಚಿ ಇಲ್ಲದಿದ್ದರೆ ಕಾಣುವುದಿಲ್ಲ.

ಇನ್ನೊಂದು ಮಜಾ ಇದೆ. ಹೀಬ್ರೂವಿನ 22 ಅಕ್ಷರಗಳೂ ವ್ಯಂಜನಗಳೇ. ಬಲದಿಂದ ಎಡಕ್ಕೆ ಬರೆಯುತ್ತಾರೆ. ಕಾಗುಣಿತ ಇರಲೇ ಇಲ್ಲ. ಸುಮಾರು ಏಳರಿಂದ ಹತ್ತನೇ ಶತಮಾನದ ನಡುವೆ ತಿಬೇರಿಯದ ಯೆಹೂದಿ ವಿದ್ವಾಂಸರು ಅಕ್ಷರದ ಕೆಳಗೆ, ಮೇಲೆ ಚುಕ್ಕಿ-ಗೆರೆ ಹಾಕಿ ಸ್ವರ ಸೇರಿಸಿದರು. ದೇವರ ಹೆಸರಿಗೆ ನಾಲ್ಕು ವ್ಯಂಜನ: ಯ, ಹ, ವ, ಹ. ಯೆಹೂದಿಗಳು ಭಯಭಕ್ತಿಯಿಂದ ಅದನ್ನು ಉಚ್ಚರಿಸದೆ 'ಅದೋನಾಯ್', ಅಂದರೆ ಒಡೆಯ, ಎಂದು ಓದುತ್ತಿದ್ದರು. ಹಾಗೆ ಓದಬೇಕೆಂದು ನೆನಪಿಸಲು ಆ ಪದದ ಸ್ವರಗಳನ್ನು ಈ ವ್ಯಂಜನಗಳಿಗೆ ಹಚ್ಚಿದರು. ಈ ಗುಟ್ಟು ಹಿಡಿಯದ ಕ್ರೈಸ್ತ ಓದುಗರು ಎರಡನ್ನೂ ಕೂಡಿಸಿ ಓದಿಬಿಟ್ಟರು. ಬಂತು ನೋಡಿ, 'ಯೆಹೋವ'. ಕನ್ನಡ ಬೈಬಲ್‌ನಲ್ಲಿ ಸಾವಿರಾರು ಸಲ ಬರುವ ಹೆಸರು, ಒಂದು ಪದದ ಅಕ್ಷರ, ಇನ್ನೊಂದು ಪದದ ಕಾಗುಣಿತ! ಕಾಗುಣಿತ ಬಾಯಿಪಾಠ ಮಾಡಿ ಬೆಳೆದ ಕನ್ನಡಿಗನಿಗೆ ಇದನ್ನು ವಿವರಿಸಲು ಐದು ನಿಮಿಷ ಸಾಕು. ಇಂಗ್ಲಿಷ್ ಪುಸ್ತಕಕ್ಕೆ ಎರಡು ಪುಟ ಬೇಕು.

ನನ್ನ ತಕರಾರು ಇರುವುದು ಇಲ್ಲೇ. ವಿಭಕ್ತಿ ಅಂದರೆ ಏನು ಎಂದು ಗ್ರೀಕ್ ವ್ಯಾಕರಣದ ಇಂಗ್ಲಿಷ್ ಪುಸ್ತಕ ಒಂದು ಅಧ್ಯಾಯ ಹೇಳುತ್ತದೆ. ಹೈಸ್ಕೂಲಿನಲ್ಲಿ 'ಪ್ರಥಮಾ, ದ್ವಿತೀಯಾ' ಓದಿದವನಿಗೆ ಅದು ಬೇಕಾ? ಗೆಳೆಯ ಹೇಳುತ್ತಿದ್ದ: "ಹೀಬ್ರೂ ಕಷ್ಟ ಅಲ್ಲ ಮಾರಾಯ, ಹೀಬ್ರೂ ಕಲಿಸೋ ಇಂಗ್ಲಿಷ್ ಕಷ್ಟ." ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಒಂದೇ ಸಲ ಎರಡು ಪರಭಾಷೆ. ಪಾದ್ರಿಯ ಕೈಯಿಂದ ಪುಸ್ತಕ ಬಿಡಿಸಲು ಹುಟ್ಟಿದ ಪಾಠ, ಇಲ್ಲಿ ಪಾದ್ರಿಯಾಗುವವನಿಗೇ ಗೇಟಾಗಿ ನಿಂತಿತು.

1980ರ ದಶಕದಲ್ಲಿ ಪ್ರಶ್ನೆ ಇನ್ನೂ ಚುರುಕಾಯಿತು. 1981ರಲ್ಲಿ ಅರವಿಂದ ನಿರ್ಮಲ್ ಬೆಂಗಳೂರಿನ ಯುನೈಟೆಡ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ದಲಿತ ಥಿಯಾಲಜಿ, ಅಂದರೆ ದಲಿತರ ಬದುಕಿನ ಕಡೆಯಿಂದ ಬೈಬಲ್ ನೋಡುವ ಚಿಂತನೆ, ಶುರುವಾಯಿತು ಎನ್ನುತ್ತಾರೆ. ಸಭೆಯಲ್ಲಿ ಜಾಸ್ತಿ ಜನ ದಲಿತರಾಗಿರುವಾಗ ಯುರೋಪಿನ ಪಾಠಪಟ್ಟಿ ಯಾರಿಗೆ, ಎಂಬ ಪ್ರಶ್ನೆ ನ್ಯಾಯವಾದದ್ದೇ. ವಿಚಿತ್ರವೆಂದರೆ ಆ ಚರ್ಚೆಯಲ್ಲೂ ಹೀಬ್ರೂ ಬಂತು. ಹೀಬ್ರೂವಿನ 'ದಲ್' ಎಂದರೆ ಬಡವ, ಬಲವಿಲ್ಲದವ. ಅದನ್ನೂ 'ದಲಿತ' ಪದವನ್ನೂ ಕೆಲವರು ಜೋಡಿಸಿದರು. ದನಿ ಹೋಲುತ್ತದೆ ನಿಜ. ಹೋಲಿಕೆ ಮನಸ್ಸಿಗೂ ಹಿಡಿಸುತ್ತದೆ. ಆದರೆ ಮೆಲೆಕ್-ಮಾಲೀಕದ ಹಾಗೆ ಇದನ್ನು ರಕ್ತಸಂಬಂಧ ಎನ್ನಲು ಆಧಾರವಿಲ್ಲ.

ಈಗ ಮೊಬೈಲ್ ಆ್ಯಪ್ ಇದೆ. ಪದದ ಮೇಲೆ ಬೆರಳಿಟ್ಟರೆ ಮೂಲಪದ, ಅರ್ಥ ಎಲ್ಲ ಬರುತ್ತದೆ. ಹಾಗಾದರೆ ಪಾಠ ಯಾಕೆ ಅಂತ ಕೇಳಬಹುದು ಅಲ್ವಾ? ನಾನು ಒಂದಲ್ಲ ಹಲವು ಸಲ ಕೇಳಿದ ಬೋಧನೆ ಇದು: 'ಗ್ರೀಕ್‌ನಲ್ಲಿ ಶಕ್ತಿಗೆ ಡುನಾಮಿಸ್ ಅಂತಾರೆ, ಅಂದರೆ ಡೈನಮೈಟ್!' ನೊಬೆಲ್ ಡೈನಮೈಟಿಗೆ ಹೆಸರಿಟ್ಟಿದ್ದು 1867ರಲ್ಲಿ. ಒಂದನೇ ಶತಮಾನದ ಪೌಲನ ಪತ್ರದಲ್ಲಿ ಸಿಡಿಮದ್ದು ಹೇಗೆ ಬರುತ್ತದೆ? ಆ್ಯಪ್ ಅರ್ಥ ಕೊಡುತ್ತದೆ. ಆ ಅರ್ಥ ಈ ವಾಕ್ಯಕ್ಕೆ ಹೊಂದುತ್ತದೋ ಇಲ್ಲವೋ ನೋಡಲು ವ್ಯಾಕರಣದಲ್ಲಿ ಒಂದೆರಡು ವರ್ಷ ಒದ್ದಾಡಿರಬೇಕು.

ಗೆಳೆಯ ಪಾಸಾದ. ಒಂದು ಹಳ್ಳಿ ಸಭೆಗೆ ಹಾಕಿದರು. ಮೊದಲ ಭಾನುವಾರಕ್ಕೆ ಲೂಕ 22ನೇ ಅಧ್ಯಾಯ ಆರಿಸಿಕೊಂಡ. ಯೇಸು ಪೇತ್ರನಿಗೆ ಹೇಳುವ ಮಾತು: ಸೈತಾನನು ನಿಮ್ಮನ್ನು ಗೋದಿಯಂತೆ ಒನೆಯಬೇಕೆಂದು ಕೇಳಿಕೊಂಡ, ಆದರೆ ನಾನು ನಿನಗಾಗಿ ಬೇಡಿಕೊಂಡೆ. ಗ್ರೀಕ್‌ನಲ್ಲಿ ಮೊದಲನೆಯದು ಬಹುವಚನ, ಎರಡನೆಯದು ಏಕವಚನ. ಪರೀಕ್ಷೆ ಎಲ್ಲ ಶಿಷ್ಯರಿಗೆ, ಬೇಡಿಕೆ ಈ ಒಬ್ಬನ ಹೆಸರಿನಲ್ಲಿ. ಇಂದಿನ ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ 'ಯೂ'. ಕ್ಲಾಸಿನಲ್ಲಿ ಇದನ್ನು ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿದಿತ್ತಂತೆ. ಇವನೂ ಹುರುಪಿನಿಂದ ಗ್ರೀಕ್ ಸರ್ವನಾಮಗಳನ್ನು ಹೇಳಿ ವಿವರಿಸಿದ.

ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಅಜ್ಜಿಯೊಬ್ಬರು ಬೈಬಲ್ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು, ಆ ವಾಕ್ಯದ ಮೇಲೆ ಬೆರಳಿಟ್ಟರು. "ಇಲ್ಲೇ 'ನಿಮ್ಮನ್ನು', 'ನಿನ್ನ' ಅಂತ ಬೇರೆ ಬೇರೆ ಇದೆಯಲ್ಲ ಅಯ್ಯನವರೇ. ನಾವು ಅದನ್ನು ಹಾಗೇ ಓದಿಕೊಂಡು ಬಂದಿದ್ದೀವಿ."