ಕ್ರೌನ್, ಪಿನಿಯನ್ ಮತ್ತು ಒಂದು ಲೀಟರ್ ಗೇರ್ ಆಯಿಲ್

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹಳೆಯ ಜೀಪು ಹೊಸ ರಾಗ ಎಳೆಯತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಹಿಂದಿನಿಂದ ಗೂಂಯ್ ಅಂತ ಸದ್ದು. ಕಾಲು ತೆಗೆದರೆ ಸುಮ್ಮನಾಗುತ್ತಿತ್ತು. ಜೊತೆಗೆ ಎಡಗಡೆ ಹಿಂದಿನ ಚಕ್ರದ ಒಳಮೈಗೆ ಎಣ್ಣೆ ಜಿಡ್ಡು. "ಡಿಫರೆನ್ಷಿಯಲ್ ನೋಡ್ಬೇಕು ಸಾರ್" ಅಂದರು ಗ್ಯಾರೇಜಿನ ಮೇಸ್ತ್ರಿ.

ಹಿಂದಿನ ಚಕ್ರಗಳ ನಡುವೆ ಕುಂಬಳಕಾಯಿ ಗಾತ್ರದ ಕಬ್ಬಿಣದ ಗುಂಡೊಂದು ಕಾಣುತ್ತದಲ್ಲ, ಡಿಫರೆನ್ಷಿಯಲ್ ಇರುವುದು ಅದರೊಳಗೆ. ಎತ್ತಿನ ಗಾಡಿಗೆ ಇದು ಬೇಡ. ಅಲ್ಲಿ ಇರಸು ತಿರುಗುವುದಿಲ್ಲ, ಅದರ ಮೇಲೆ ಎರಡೂ ಚಕ್ರ ತಮ್ಮ ಪಾಡಿಗೆ ತಾವು ಉರುಳುತ್ತವೆ. ಮೋಟಾರು ಗಾಡಿಯಲ್ಲಿ ಇಂಜಿನ್ನೇ ಚಕ್ರಗಳನ್ನು ತಿರುಗಿಸಬೇಕು. ತೊಂದರೆ ಬರುವುದು ತಿರುವಿನಲ್ಲಿ. ಚಕ್ರಗಳ ನಡುವಿನ ಅಂತರ 1.25 ಮೀಟರ್ ಅಂದುಕೊಳ್ಳಿ. ಗಾಡಿ ಒಂದು ಪೂರ್ತಿ ಸುತ್ತು ಹೊಡೆದರೆ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 7.85 ಮೀಟರ್ ಜಾಸ್ತಿ ಓಡಬೇಕು. ಸುತ್ತು ಚಿಕ್ಕದಿರಲಿ, ಊರಗಲದ ಮೈದಾನದಷ್ಟಿರಲಿ, ಈ ವ್ಯತ್ಯಾಸ ಮಾತ್ರ ಅಷ್ಟೇ. ಮೊದಲು ನನಗೂ ನಂಬಿಕೆ ಬರಲಿಲ್ಲ, ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ.

ಎರಡೂ ಚಕ್ರಗಳನ್ನು ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಟೈರ್ ಉಜ್ಜಿಕೊಂಡು ಹೋಗುತ್ತದೆ. ಇದಕ್ಕೆ ಹಲ್ಲಿನ ಚಕ್ರಗಳ ಪರಿಹಾರವನ್ನು ಫ್ರಾನ್ಸಿನ ಗಡಿಯಾರ ಕೆಲಸಗಾರ ಒನೆಸಿಫೋರ್ ಪೆಕರ್ 1820ರ ದಶಕದ ಕೊನೆಗೇ ಹಬೆ ಗಾಡಿಗೆಂದು ಕೊಟ್ಟಿದ್ದ. ಪೆಟ್ರೋಲ್ ಕಾರು ಆಗಿನ್ನೂ ಹುಟ್ಟಿರಲಿಲ್ಲ.

ಒಳಗಿನ ಕೆಲಸ ಹೀಗೆ. ಇಂಜಿನ್ನಿನ ಬಲವನ್ನು ಹಿಂದಕ್ಕೆ ತರುವ ಉದ್ದ ಸರಳಿಗೆ ಪ್ರೊಪೆಲ್ಲರ್ ಶಾಫ್ಟ್ ಅಂತ ಹೆಸರು. ಅದರ ತುದಿಯಲ್ಲಿರುವ ಪುಟ್ಟ ಪಿನಿಯನ್, ತಟ್ಟೆಯಂಥ ದೊಡ್ಡ ಕ್ರೌನ್ ಗೇರನ್ನು ತಿರುಗಿಸುತ್ತದೆ. ಕ್ರೌನಿಗೆ ಬಿಗಿದ ಗೂಡಿನಲ್ಲಿ ಸ್ಟಾರ್ ಗೇರುಗಳಿವೆ. ಎರಡು ಚಕ್ರಗಳಿಗೂ ಬಲ ಹಂಚುವುದು ಅವೇ. ನೇರ ರಸ್ತೆಯಲ್ಲಿ ಸ್ಟಾರ್ ಗೇರುಗಳು ಗೂಡಿನ ಜೊತೆ ಸುತ್ತುತ್ತವೆಯೇ ಹೊರತು ತಮ್ಮ ಅಚ್ಚಿನ ಮೇಲೆ ತಿರುಗುವುದಿಲ್ಲ. ಅವಕ್ಕೆ ಕೆಲಸ ಇರುವುದು ತಿರುವಿನಲ್ಲಿ ಅಥವಾ ಒಂದು ಚಕ್ರ ಕೆಸರಿನಲ್ಲಿ ಜಾರಿದಾಗ.

ಇಷ್ಟು ಗೊತ್ತಿದ್ದರೆ ಕಿವಿಯಲ್ಲೇ ಅರ್ಧ ಪರೀಕ್ಷೆ ಮುಗಿಯುತ್ತದೆ. ಸದ್ದು ತಿರುವಿನಲ್ಲಿ ಮಾತ್ರ ಬಂದರೆ ಮೊದಲು ಸ್ಟಾರ್ ಗೇರಿನ ಮೇಲೆ ಅನುಮಾನ. ಒತ್ತಿದಾಗ ಬಂದು ಬಿಟ್ಟಾಗ ನಿಂತರೆ ಕ್ರೌನ್-ಪಿನಿಯನ್ ಮೇಲೆ, ಯಾಕೆಂದರೆ ಎಳೆಯುವಾಗ ಹಲ್ಲಿನ ಒಂದು ಮೈ ಉಜ್ಜುತ್ತದೆ, ಕಾಲು ತೆಗೆದಾಗ ಇನ್ನೊಂದು ಮೈ. ಒತ್ತಲಿ ಬಿಡಲಿ ಒಂದೇ ಸಮನೆ ಗುರ್ ಅನ್ನುತ್ತಿದ್ದರೆ ಬೇರಿಂಗ್ ಇರಬಹುದು. ಡಾಂಬರಿನಿಂದ ಕಾಂಕ್ರೀಟಿಗೆ ಬಂದ ಕೂಡಲೇ ಸದ್ದು ಬದಲಾದರೆ ಟೈರು. ಪಾಪ, ಟೈರಿನ ಸದ್ದಿಗೆ ಹೆದರಿ ಡಿಫರೆನ್ಷಿಯಲ್ ಬಿಚ್ಚಿಸಿದವರೂ ಇದ್ದಾರೆ.

ಆಮೇಲೆ ಕೈ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು ಗೇರ್ ನ್ಯೂಟ್ರಲ್ ಮಾಡಿ. ಕೆಳಗೆ ನುಸುಳಿ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದು ಆಚೆ ಈಚೆ ತಿರುಚಿ. ಸ್ವಲ್ಪ ಆಟ ಇದ್ದೇ ಇರುತ್ತದೆ, ಇರಲೂಬೇಕು. ಹಲ್ಲುಗಳ ಮಧ್ಯೆ ಆಯಿಲ್ ನಿಲ್ಲಲು, ಬಿಸಿಗೆ ಲೋಹ ಹಿಗ್ಗಲು ಜಾಗ ಬೇಡವೇ? ಕ್ರೌನ್-ಪಿನಿಯನ್ ನಡುವೆ ಸಾಮಾನ್ಯವಾಗಿ ಬಿಡುವ ಸಂದು 0.1ರಿಂದ 0.2 ಮಿ.ಮೀ., ಅಂದರೆ ಒಂದೆರಡು ತಲೆಗೂದಲಿನ ದಪ್ಪ. ಅದನ್ನು ಅಳೆಯಲು ಹೌಸಿಂಗ್, ಅಂದರೆ ಆ ಕಬ್ಬಿಣದ ಗುಂಡಿನ ಮುಚ್ಚಳ ತೆಗೆದು, ಮುಳ್ಳಿನಲ್ಲಿ ಸೂಕ್ಷ್ಮ ಅಳತೆ ತೋರಿಸುವ ಡಯಲ್ ಗೇಜ್ ಹಚ್ಚಬೇಕು. ಕೈಗೆ ಸಿಗುವ ಆಟದಲ್ಲಿ ಸ್ಟಾರ್ ಗೇರಿನದು, ಆಕ್ಸಲಿನದು ಎಲ್ಲ ಸೇರಿರುತ್ತದೆ. ಶಾಫ್ಟಿನ ತುದಿಯ ಮಡಚುವ ಕೀಲು, ಅಂದರೆ ಯೂನಿವರ್ಸಲ್ ಜಾಯಿಂಟ್ ಸವೆದಿದ್ದರೆ ಅದರದೂ ಸೇರುತ್ತದೆ, ಹಾಗಾಗಿ ಜಾಯಿಂಟನ್ನು ಬೇರೆಯಾಗಿ ಅಲುಗಿಸಿ ನೋಡಿ. ಕೊನೆಗೆ ಶಾಫ್ಟನ್ನು ಪಿನಿಯನ್ನಿಗೆ ಬಿಗಿಯುವ ಬಿಲ್ಲೆಯನ್ನು (ಪಿನಿಯನ್ ಫ್ಲ್ಯಾಂಜ್) ಮೇಲೆ ಕೆಳಗೆ ಎತ್ತಿ. ಅಲ್ಲಿ ಮಾತ್ರ ಒಂಚೂರೂ ಅಲುಗಬಾರದು. ಅಲುಗಿದರೆ ಬೇರಿಂಗ್ ಹೋಗಿದೆ ಅಂತಲೇ ಲೆಕ್ಕ. ನಮ್ಮದು ಅಲುಗಲಿಲ್ಲ.

ಇನ್ನು ಆಯಿಲ್. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದರೆ ಆಯಿಲ್ ಬಿಸಿಯಾಗಿ ಸಲೀಸಾಗಿ ಇಳಿಯುತ್ತದೆ. ನಾನು ಸ್ಪ್ಯಾನರ್ ಹಿಡಿದು ಕೆಳಗಿನ ಬೋಲ್ಟಿಗೆ ಕೈ ಹಾಕಿದೆ. "ಸಾರ್, ಮೊದ್ಲು ಮೇಲಿಂದು!" ಅಂತ ಮೇಸ್ತ್ರಿ ಕೂಗಿದರು. ಆಯಿಲ್ ತುಂಬಿಸುವ ಬೋಲ್ಟು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಬಿಚ್ಚದಿದ್ದರೆ? ಹಳೆಯ ಆಯಿಲ್ ಆಗಲೇ ನೆಲದ ಮೇಲೆ, ಹೊಸದನ್ನು ಹಾಕಲು ದಾರಿ ಇಲ್ಲ, ಗಾಡಿ ಅಲ್ಲೇ ಕೂತಂತೆ.

ಹಳೆ ಟಬ್ಬಿಗೆ ಇಳಿದ ಆಯಿಲ್ ಕಡು ಕಪ್ಪು, ಅದೂ ಅರ್ಧ ಲೀಟರಿನಷ್ಟೇ. ಇರಬೇಕಾದದ್ದು ಒಂದು ಲೀಟರಿಗಿಂತ ಜಾಸ್ತಿ. ಗೂಂಯ್ ಅನ್ನುವುದಕ್ಕೆ ಕಾರಣ ಅಲ್ಲೇ ಕಾಣಿಸಿತು. ಇಂಜಿನ್ನಿಗಿರುವಂತೆ ಇಲ್ಲಿ ಫಿಲ್ಟರ್ ಇಲ್ಲ, ಸವೆದ ಲೋಹವೆಲ್ಲ ಒಳಗೇ ಉಳಿಯುತ್ತದೆ. ಕೆಳಗಿನ ಬೋಲ್ಟಿನ ಮ್ಯಾಗ್ನೆಟ್ಟಿಗೆ ಬೂದು ಬಣ್ಣದ ಅಂಟು ಮೆತ್ತಿಕೊಂಡಿತ್ತು. ಬೆರಳಲ್ಲಿ ಉಜ್ಜಿದೆ. ಕಾಡಿಗೆಯ ಹಾಗೆ ನುಣ್ಣಗಿತ್ತು. ಇದು ಸಹಜ ಸವೆತ. ಬೆರಳಿಗೆ ಚುಚ್ಚುವ ಚಕ್ಕೆ, ಹಲ್ಲಿನ ಚೂರು ಸಿಕ್ಕಿದ್ದರೆ ಹೌಸಿಂಗ್ ಬಿಚ್ಚದೆ ವಿಧಿ ಇರಲಿಲ್ಲ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಸಂದು ಸಿಕ್ಕಲ್ಲಿ ನೀರನ್ನು ಒಳಗೆಳೆಯುತ್ತದೆ. ಮಲೆನಾಡಿನ ಜೀಪುಗಳಿಗೆ ಇದು ಆಗಾಗ ಬರುವ ಕಾಯಿಲೆ.

ಮೂಗಿಗೆ ಹಿಡಿದರೆ ಕೊಳೆತ ಮೊಟ್ಟೆಯ ವಾಸನೆ. ಅದು ಕೆಟ್ಟಿದ್ದಕ್ಕಲ್ಲ. ಹೊಸ ಡಬ್ಬಿ ತೆರೆದರೂ ಗಂಧಕದ ಘಾಟು ಇದ್ದೇ ಇರುತ್ತದೆ. ಇಲ್ಲಿನ ಹಲ್ಲುಗಳದು ಹೈಪಾಯ್ಡ್ ಅನ್ನುವ ರಚನೆ, 1926ರ ಸುಮಾರಿಗೆ ಅಮೆರಿಕದ ಪ್ಯಾಕಾರ್ಡ್ ಕಾರಿನಲ್ಲಿ ಬಂದದ್ದು. ಪಿನಿಯನ್, ಕ್ರೌನಿನ ನಡುಗೆರೆಗಿಂತ ಕೆಳಗೆ ಕೂರುತ್ತದೆ. ಶಾಫ್ಟ್ ತಗ್ಗಿತು, ಗಾಡಿಯ ನೆಲವನ್ನೂ ತಗ್ಗಿಸಬಹುದಾಯಿತು, ಸದ್ದೂ ಕಮ್ಮಿಯಾಯಿತು. ಆದರೆ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡಕ್ಕೆ ಬರೀ ಎಣ್ಣೆಯ ಪದರ ಹರಿದುಹೋಗುತ್ತದೆ. ಆಗ ಆಯಿಲ್‌ನಲ್ಲಿ ಬೆರೆಸಿದ ಗಂಧಕ ಮತ್ತು ರಂಜಕ ಕಾದ ಉಕ್ಕಿನ ಜೊತೆ ಸೇರಿ ತೆಳ್ಳನೆ ಪೊರೆ ಕಟ್ಟುತ್ತವೆ. ಉಕ್ಕಿನ ಬದಲು ಆ ಪೊರೆ ಸವೆಯುತ್ತದೆ. ಡಬ್ಬಿಯ ಮೇಲಿನ ಜಿಎಲ್-5 ಅನ್ನುವ ಗುರುತು ಈ ರಕ್ಷಣೆಯ ಮಟ್ಟವನ್ನು ಹೇಳಿದರೆ, 80ಡಬ್ಲ್ಯೂ-90 ಮಂದದ ಲೆಕ್ಕ. ಉಳಿದ ಆಯಿಲನ್ನು ಸುಮ್ನೆ ಗೇರ್‌ಬಾಕ್ಸಿಗೂ ಸುರಿಯಬೇಡಿ. ಕೆಲವು ಜಿಎಲ್-5 ಆಯಿಲ್‌ಗಳ ಗಂಧಕ ಅಲ್ಲಿನ ಹಿತ್ತಾಳೆ ಬಳೆಗಳನ್ನು ತಿನ್ನುತ್ತದೆ.

ಹೊಸ ಆಯಿಲ್ ಹಾಕುತ್ತ ಹೋದೆವು. ಮೇಲಿನ ತೂತಿನ ಕೆಳ ಅಂಚಿನಿಂದ ಸಣ್ಣಗೆ ಒಸರಿದಾಗ ನಿಲ್ಲಿಸಿದೆವು.

ಹಾಗಾದರೆ ಅರ್ಧ ಲೀಟರ್ ಹೋದದ್ದು ಎಲ್ಲಿಗೆ? ಎಡ ಚಕ್ರದ ಆಯಿಲ್ ಸೀಲ್ ಬದಲಿಸಬೇಕು ಅಂತ ನಾನು ಅಂದುಕೊಂಡಿದ್ದೆ. ಬದಲಿಸಿದ್ದೂ ಆಯಿತು. ಆದರೆ ಮೇಸ್ತ್ರಿ ಹೌಸಿಂಗಿನ ನೆತ್ತಿಯ ಮೇಲಿದ್ದ ಪುಟ್ಟ ಬ್ರೀದರನ್ನು ತೋರಿಸಿದರು. ಬಿಸಿಯಾಗಿ ಹಿಗ್ಗಿದ ಗಾಳಿ ಹೊರಗೆ ಹೋಗುವ ದಾರಿ ಅದೊಂದೇ. ಅದರ ಬಾಯಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ದಾರಿ ಕಾಣದ ಗಾಳಿ ಆಯಿಲನ್ನು ಸೀಲಿನ ಕಡೆಗೆ ತಳ್ಳಿತ್ತು. ಮೇಸ್ತ್ರಿ ಸೈಕಲ್ಲಿನ ಹಳೆ ಕಡ್ಡಿಯೊಂದನ್ನು ತಂದು ಮಣ್ಣು ಕೆದಕಿ ತೆಗೆದರು. ಆಮೇಲೆ ಬ್ರೇಕ್ ಡ್ರಮ್ಮಿನ ಜಿಡ್ಡು ಒರೆಸುವುದಕ್ಕೇ ಅರ್ಧ ದಿನ ಹಿಡಿಯಿತು.